ಒಂದೇ ರೂಟರ್, ಎರಡು ವಿಳಾಸ: ಏಳದ ಎಲ್‌ಡಿಪಿ ಸೆಷನ್ ಎದ್ದ ಬಗೆ

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಲ್ಯಾಬಿನ ಜೂನಿಪರ್ ರೂಟರ್ ಎರಡು ಐಜಿಪಿಗಳ (ಒಂದು ಜಾಲದ ಒಳಗೆ ದಾರಿ ತಿಳಿಸುವ ಪ್ರೋಟೋಕಾಲ್‌ಗಳು) ಗಡಿಯಲ್ಲಿದೆ: ಒಂದು ಕಡೆ ಓಎಸ್‌ಪಿಎಫ್, ಇನ್ನೊಂದು ಕಡೆ ಐಎಸ್-ಐಎಸ್. ಓಎಸ್‌ಪಿಎಫ್ ಕಡೆಯ ಟಾರ್ಗೆಟೆಡ್ ಎಲ್‌ಡಿಪಿ ಸೆಷನ್‌ಗಳು (ದೂರದ ರೂಟರ್‌ಗಳು ಪ್ಯಾಕೆಟ್‌ಗೆ ಅಂಟಿಸುವ ಲೇಬಲ್‌ಗಳನ್ನು ಹಂಚಿಕೊಳ್ಳಲು ಕಟ್ಟುವ ಸಂಪರ್ಕ) ಸಲೀಸಾಗಿ ಎದ್ದವು. ಐಎಸ್-ಐಎಸ್ ಕಡೆಯವು ಜಪ್ಪಯ್ಯ ಅಂದರೂ ಏಳಲಿಲ್ಲ, ಅವನ್ನು ನಂಬಿದ ಸ್ಯೂಡೋವೈರ್‌ಗಳೂ (ಜಾಲದ ಮೇಲೆ ಎಳೆದ ಕಾಲ್ಪನಿಕ ತಂತಿಗಳು) ಮಲಗಿದವು.

ಫೈರ್‌ವಾಲೇ ಕಾರಣ ಎಂದ ನಮ್ಮ ಧಾರವಾಡದ ಗೆಳೆಯ (ಅವನಿಗೆ ಎಲ್ಲದಕ್ಕೂ ಅದೇ ಕಾರಣ). ಆಚೆ ತುದಿಯಲ್ಲಿ ಪ್ಯಾಕೆಟ್ ಹಿಡಿದು ನೋಡಿದೆವು. ಯುಡಿಪಿ 646ರಲ್ಲಿ ನಮ್ಮ ಹಲೋ (ಎಲ್‌ಡಿಪಿ ನೆರೆಯವರನ್ನು ಗುರುತಿಸುವ ಸಂದೇಶ) ತಲುಪುತ್ತಿದೆ, ಆದರೆ ಸೋರ್ಸ್ ವಿಳಾಸ ರೂಟರ್ ಐಡಿಯದು, ಅಂದರೆ ರೂಟರಿನ ಲೂಪ್‌ಬ್ಯಾಕ್ (ಯಾವ ತಂತಿಗೂ ಸೇರದ ಒಳಗಿನ ಇಂಟರ್‌ಫೇಸ್) ವಿಳಾಸ. ಆ ಲೂಪ್‌ಬ್ಯಾಕ್‌ಗೆ ಐಎಸ್-ಐಎಸ್‌ನಲ್ಲಿ ರೂಟೇ ಇಲ್ಲ. ಉತ್ತರ ಮರಳುವುದಾದರೂ ಹೇಗೆ? ಹಲೋ ಎರಡೂ ಕಡೆ ಮುಟ್ಟದೆ ಟಿಸಿಪಿ ಸೆಷನ್ನಿನ ಮಾತೇ ಬರುವುದಿಲ್ಲ.

ಅದೇ ಲೂಪ್‌ಬ್ಯಾಕನ್ನು ಎರಡೂ ಕಡೆ ಹರಡಿಬಿಡಬಹುದಿತ್ತು, ಆದರೆ ಗಡಿ ಹಾಕಿದ ಉದ್ದೇಶವೇ ಮಣ್ಣುಪಾಲು. ಹಾಗಾಗಿ ಲೂಪ್‌ಬ್ಯಾಕ್ ಇಂಟರ್‌ಫೇಸಿಗೆ ಎರಡನೇ ವಿಳಾಸ ಕೊಟ್ಟು, ಪಾಲಿಸಿ ಬರೆದು ಅದನ್ನು ಐಎಸ್-ಐಎಸ್‌ನಲ್ಲಿ ಮಾತ್ರ ಹರಡಿದೆ. ಎಲ್‌ಡಿಪಿ ಅಡಿಯಲ್ಲಿ ಸೆಷನ್-ಗ್ರೂಪ್ ಮಾಡಿ, ಆ ಕಡೆಯ ನೆರೆಯವರ ಪ್ರಿಫಿಕ್ಸ್ ಕೊಟ್ಟು, ಟ್ರಾನ್ಸ್‌ಪೋರ್ಟ್-ಅಡ್ರೆಸ್ (ಸೆಷನ್ ಕಟ್ಟಲು ಬಳಸುವ ವಿಳಾಸ) ಜಾಗದಲ್ಲಿ ಹೊಸ ವಿಳಾಸ ಹಾಕಿದೆ. ಓಎಸ್‌ಪಿಎಫ್ ಕಡೆಯವರನ್ನು ಮುಟ್ಟಲಿಲ್ಲ.

ಆಚೆಯ ರೂಟರಿನ ಸ್ಯೂಡೋವೈರ್ ಕಾನ್ಫಿಗ್‌ನಲ್ಲೂ ನೆರೆಯ ವಿಳಾಸವನ್ನು ಈ ಹೊಸದಕ್ಕೆ ಬದಲಿಸಬೇಕು. ಅದಾದ ಮೇಲೆ ಸೆಷನ್ ಆಪರೇಷನಲ್ ಆಯಿತು.