ಹ್ಯಾಮಿಂಗ್ (7,4) ಕೋಡ್: ಕಾಗದದ ಮೇಲೆ ಮಾಡಿ ನೋಡಿ

ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ, ಕಳಿಸಿದ ಬಿಟ್‌ಗಳಲ್ಲಿ (0 ಅಥವಾ 1) ಒಂದು ದಾರಿಯಲ್ಲಿ ಕೆಟ್ಟರೆ ಅದನ್ನು ಹುಡುಕಿ ತಿದ್ದುವ ಈ ವಿಧಾನಕ್ಕೆ ಸಮ–ಬೆಸ ಎಣಿಸಲು ಬಂದರೆ ಸಾಕು.

ಏಳು ಮನೆ ಬರೆದು 1ರಿಂದ 7ರವರೆಗೆ ಸಂಖ್ಯೆ ಕೊಡಿ. 1, 2, 4ನೇ ಮನೆಗಳು ಪ್ಯಾರಿಟಿ ಬಿಟ್‌ಗೆ (1ಗಳ ಎಣಿಕೆ ಸಮ ಮಾಡಲು ಸೇರಿಸುವ ಬಿಟ್) ಮೀಸಲು. ಕಳಿಸಬೇಕಾದ 1011 ಅನ್ನು ಕ್ರಮವಾಗಿ 3, 5, 6, 7ರಲ್ಲಿ ತುಂಬಿ. ಈಗ ಮೂರು ಗುಂಪುಗಳು: (1,3,5,7), (2,3,6,7), (4,5,6,7). ಪ್ರತಿ ಗುಂಪಿನಲ್ಲೂ 1ಗಳ ಎಣಿಕೆ ಸಮವಾಗುವಂತೆ ಪ್ಯಾರಿಟಿ ಇಡಿ. ಸಿಗುವುದು 0110011.

ದಾರಿಯಲ್ಲಿ ಐದನೇ ಬಿಟ್ ತಿರುಗಿ (0 ಇದ್ದದ್ದು 1 ಆಗಿ) 0110111 ಬಂತೆನ್ನಿ. ಮೊದಲ ಗುಂಪು ಬೆಸ, ಎರಡನೆಯದು ಸಮ, ಮೂರನೆಯದು ಬೆಸ. ಬೆಸ ಬಂದ ಗುಂಪುಗಳ ಪ್ಯಾರಿಟಿ ಮನೆಗಳನ್ನು ಕೂಡಿ: 1+4=5. ತಪ್ಪಿನ ವಿಳಾಸ ತಾನಾಗಿಯೇ ಸಿಕ್ಕಿತು! ಆ ಬಿಟ್ ತಿರುಗಿಸಿದರೆ ಸರಿಯಾಯಿತು. ಮೂರೂ ಸಮವಾದರೆ ಮುಟ್ಟಬೇಡಿ.

ಎಡವುವುದು ಎರಡು ಬಿಟ್ ಕೆಟ್ಟಾಗ. 3 ಮತ್ತು 5 ಎರಡೂ ತಿರುಗಿದರೆ ಲೆಕ್ಕ 6 ಎನ್ನುತ್ತದೆ. ನಂಬಿ ತಿದ್ದಿದರೆ ಕೆಟ್ಟ ಬಿಟ್‌ಗಳು ಮೂರಾಗುತ್ತವೆ. ಅದಕ್ಕೇ ಏಳೂ ಬಿಟ್‌ಗಳಿಗೆ ಸೇರಿ ಎಂಟನೆಯ ಪ್ಯಾರಿಟಿ ಹಾಕಿ (ಇಲ್ಲಿ ಅದು 0). ವಿಳಾಸ ಬಂದಿದೆ, ಆದರೆ ಎಂಟರ ಒಟ್ಟು ಸಮವಾಗಿಯೇ ಇದೆ ಎಂದರೆ ಎರಡು ತಪ್ಪು: ತಿದ್ದಬೇಡಿ, ಮತ್ತೆ ಕಳಿಸಲು ಕೇಳಿ.

ರೇಡಿಯೋದಲ್ಲಿ ತಪ್ಪುಗಳು ಒಂಟಿಯಾಗಿ ಬರುವುದು ಕಡಿಮೆ, ಗುಂಪಾಗಿ ಬರುತ್ತವೆ. ಅದಕ್ಕೆ ಎಂಟು ಕೋಡ್‌ಪದಗಳನ್ನು (ಮೇಲಿನಂತೆ ಪ್ಯಾರಿಟಿ ಸೇರಿಸಿದ ಬಿಟ್‌ಸಾಲುಗಳನ್ನು) ಅಡ್ಡಸಾಲುಗಳಲ್ಲಿ ಬರೆದು, ಕಂಬಸಾಲುಗಳಾಗಿ ಕಳಿಸಿ. ಸತತ ಎಂಟು ಬಿಟ್ ಹಾಳಾದರೂ ಒಂದೊಂದು ಪದಕ್ಕೆ ಒಂದೇ ಪೆಟ್ಟು.