ಟಾರ್ಚ್ ಬೆಳಕು ಕಬ್ಬಿನ ಆ ತುದಿಗೆ ಮುಟ್ಟಬೇಕಾದರೆ

ಮುಧೋಳದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗ ನೀರು ಹಾಯಿಸಲು ಹೋಗುವವರ ಕೈಯಲ್ಲಿ ಒಂದು ಟಾರ್ಚ್ ಇರುತ್ತದಲ್ಲ, ಮೋಟಾರಿನ ಜೊತೆ ಅದೂ ನನ್ನ ಟೇಬಲ್ಲಿಗೇ ಬರುತ್ತದೆ. ದೂರು ಸಾಮಾನ್ಯವಾಗಿ ಇದೇ: "ಕಾಕಾ, ಹೊಸಾದು ತಗೊಂಡೇನಿ, ಕಾಲ ಬುಡಕ ಹಗಲ ಆಗೇತಿ. ಆ ಬದುವಿನ ಮಟ ಮುಟ್ಟವಲ್ದು."

ತಪ್ಪು ಡಬ್ಬಿ ಮೇಲಿನ ವಾಟ್ ಮತ್ತು ಲೂಮೆನ್ ನೋಡಿ ಕೊಳ್ಳುವುದರಲ್ಲಿದೆ. ಲೂಮೆನ್ ಅಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು. ಅದು ಎಲ್ಲ ಕಡೆ ಚೆಲ್ಲಿದರೂ ಲೂಮೆನ್ ಲೂಮೆನ್ನೇ. ದೂರಕ್ಕೆ ನೋಡಬೇಕಾದದ್ದು ಕ್ಯಾಂಡೆಲಾ, ಅಂದರೆ ಒಂದೇ ದಿಕ್ಕಿನಲ್ಲಿ ಎಷ್ಟು ಬಿಗಿಯಾಗಿ ಹೋಗುತ್ತದೆ ಅನ್ನುವುದು. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಟಾರ್ಚ್ ಎಷ್ಟು ಮೀಟರ್ ಮುಟ್ಟುತ್ತದೆ ಎಂದು ಬರುತ್ತದೆ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. ಆದರೆ ಆ ತುದಿಯಲ್ಲಿ ಉಳಿಯುವುದು 0.25 ಲಕ್ಸ್ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ಹೆಚ್ಚು ಕಡಿಮೆ ಹುಣ್ಣಿಮೆ ಬೆಳಕು. ಪೈಪಿನ ಬಾಯಲ್ಲಿ ನೀರು ಬೀಳುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಅದರಲ್ಲಿ ಅರ್ಧ ದೂರವನ್ನೇ ಲೆಕ್ಕಕ್ಕೆ ಹಿಡಿಯಿರಿ.

ವರ್ಗಮೂಲದ ಲೆಕ್ಕವಾದ್ದರಿಂದ ದೂರ ಎರಡು ಪಟ್ಟಾಗಲು ಕ್ಯಾಂಡೆಲಾ ನಾಲ್ಕು ಪಟ್ಟು ಬೇಕು. ಎಲ್‌ಇಡಿಗೆ ಎರಡು ಪಟ್ಟು ಕರೆಂಟ್ ಕೊಟ್ಟರೂ ದೂರ 1.4 ಪಟ್ಟು ಕೂಡ ಆಗುವುದಿಲ್ಲ. ಬಿಸಿ ಮಾತ್ರ ಕೈ ಸುಡುವಷ್ಟು ಆಗುತ್ತದೆ. ಎಲ್‌ಇಡಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಒಳಗಿನ ಸರ್ಕ್ಯೂಟಿಗೆ ಡ್ರೈವರ್ ಅನ್ನುತ್ತಾರೆ. "ಡ್ರೈವರ್ ಜೋರ್ ಮಾಡಿಕೊಡ್ರಿ" ಅಂದವರನ್ನು ನಾನು ಸುಮ್ನೆ ವಾಪಸ್ ಕಳಿಸುತ್ತೇನೆ.

ದೂರವನ್ನು ನಿರ್ಧರಿಸುವುದು ಎರಡು. ಎಲ್‌ಇಡಿಯ ಒಂದೊಂದು ಚದರ ಮಿಲಿಮೀಟರಿನಿಂದ ಎಷ್ಟು ಬೆಳಕು ಬರುತ್ತದೆ, ಮತ್ತು ಮುಂದಿನ ಲೆನ್ಸ್ ಅಥವಾ ರಿಫ್ಲೆಕ್ಟರಿನ ಬಾಯಿ ಎಷ್ಟು ಅಗಲ ಇದೆ. ಬಾಯಿಯ ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು, ಅಂದರೆ ದೂರ ನೇರವಾಗಿ ಎರಡು ಪಟ್ಟು. ಕಿಸೆಯಲ್ಲಿ ಹಿಡಿಸುವ ಟಾರ್ಚ್ ಅರ್ಧ ಕಿಲೋಮೀಟರ್ ಬೆಳಗಬೇಕು ಅನ್ನುವವರಿಗೆ ನನ್ನ ಹತ್ತಿರ ಉತ್ತರವಿಲ್ಲ.

ಈಗ ಎಲ್‌ಇಡಿ. ಪಿ50, ಪಿ70 ಎಂದು ಬರೆದ ಅಗ್ಗದ ಜೂಮ್ ಟಾರ್ಚುಗಳಲ್ಲಿ ಜೋಳದ ಕಾಳಿನಷ್ಟು ದೊಡ್ಡದು ಇರುತ್ತದೆ, ಅದರಲ್ಲಿ ನಾಲ್ಕು ತುಂಡು. ನಡುವೆ ಕೂಡಿಸುವ ಗುರುತಿನಂತೆ ಕಪ್ಪು ಗೆರೆ. ಜೂಮ್ ಪೂರ್ತಿ ಎಳೆದರೆ ಆ ಗೆರೆಯೇ ಗೋಡೆ ಮೇಲೆ ಕಾಣುತ್ತದೆ. ಇದ್ದ ಕರೆಂಟೆಲ್ಲ ಅಷ್ಟು ಅಗಲಕ್ಕೆ ಹಂಚಿಹೋಗುತ್ತದೆ. ಅದರ ಜಾಗದಲ್ಲಿ ಒಂದೇ ತುಂಡಿನ, ಮೇಲೆ ಗುಮ್ಮಟ (ಗುಳ್ಳೆಯಂಥ ಪಾರದರ್ಶಕ ಹೊದಿಕೆ) ಇಲ್ಲದ ಎಲ್‌ಇಡಿ ಹಾಕಿ. ಕ್ರೀ ಕಂಪನಿಯ ಎಕ್ಸ್‌ಪಿ-ಎಲ್ ಎಚ್‌ಐ ಆದೀತು. ಇನ್ನೂ ಬಿಗಿ ಬೇಕೆಂದರೆ ಓಸ್ರಾಮ್‌ನ 1 ಚದರ ಮಿಲಿಮೀಟರಿನದು ಇದೆ. ಒಟ್ಟು ಬೆಳಕು ಕಡಿಮೆಯಾಗುತ್ತದೆ, ಕಾಲ ಬುಡದ ಹಗಲು ಹೋಗುತ್ತದೆ. ಅದು ಬೇಡವೆಂದೇ ತಾನೆ ಬಂದದ್ದು?

ಬದಲಿಸುವ ಮುನ್ನ ಮಲ್ಟಿಮೀಟರ್ ಹಿಡಿಯಿರಿ. ನಾಲ್ಕು ತುಂಡಿನವು ಎಷ್ಟೋ ಸಲ 6 ವೋಲ್ಟಿನವು, ಒಂದು ತುಂಡಿನದು 3 ವೋಲ್ಟಿನದು. ಹಳೆ ಡ್ರೈವರಿಗೆ ಹಾಗೇ ಬೆಸುಗೆ ಹಾಕಿದರೆ ಹೊಸದು ಕ್ಷಣದಲ್ಲಿ ಸುಟ್ಟುಹೋಗಬಹುದು. ಕರೆಂಟನ್ನೂ ನೋಡಿ. ಎಕ್ಸ್‌ಪಿ-ಎಲ್ ಎಚ್‌ಐಗೆ 3 ಆಂಪಿಯರ್ ಮಿತಿ, 1 ಚದರ ಮಿಲಿಮೀಟರಿನದಕ್ಕೆ ಅದಕ್ಕಿಂತ ಕಡಿಮೆ. ತಾಮ್ರದ ಪ್ಲೇಟಿನ ಮೇಲೆ ಕೂರಿಸಿದ್ದನ್ನೇ ತರಿಸಿ, ಕೆಳಗೆ ತೆಳ್ಳಗೆ ಥರ್ಮಲ್ ಪೇಸ್ಟ್ ಸವರಿ. ಗುಮ್ಮಟವನ್ನು ಬ್ಲೇಡಿನಿಂದ ಕೊಯ್ದು ತೆಗೆಯುವವರಿದ್ದಾರೆ. ಬೆಳಕು ಬಿಗಿಯಾಗುವುದು ನಿಜ, ಬಣ್ಣ ಹಳದಿಗೆ ತಿರುಗುತ್ತದೆ, ಒಳಗಿನ ಕೂದಲೆಳೆ ತಂತಿ ಕಿತ್ತರೆ ಎಲ್ಲಾ ಮುಗೀತು. ಗುಮ್ಮಟವಿಲ್ಲದ್ದೇ ಸಿಗುವಾಗ ಆ ಉಸಾಬರಿ ಯಾಕೆ?

ಟಾರ್ಚಿನಲ್ಲಿ ರಿಫ್ಲೆಕ್ಟರ್ ಇದ್ದರೆ ಮೊದಲು ಫೋಕಸ್ ನೋಡಿ, ಇದಕ್ಕೆ ಪೈಸೆ ಖರ್ಚಿಲ್ಲ. ಹತ್ತು ಮೀಟರಿಗಿಂತ ದೂರದ ಗೋಡೆಗೆ ಬೆಳಕು ಬಿಡಿ. ನಡುವೆ ಕಪ್ಪು ರಂಧ್ರ ಕಂಡರೆ ಎಲ್‌ಇಡಿ ತನ್ನ ಜಾಗದಲ್ಲಿ ಕೂತಿಲ್ಲ. ಟಾರ್ಚ್ ಉರಿಯುತ್ತಿರುವಾಗಲೇ ತಲೆಯನ್ನು ನಿಧಾನವಾಗಿ ಸಡಿಲಿಸಿ. ಚುಕ್ಕೆ ಚೂಪಾದರೆ ರಿಫ್ಲೆಕ್ಟರನ್ನು ಅಷ್ಟು ಮೇಲೆತ್ತಬೇಕು: ಕೆಳಗೆ ತೆಳುವಾದ ಪ್ಲಾಸ್ಟಿಕ್ ವಾಷರ್ ಕೊಡಿ. ಇನ್ನೂ ಹರಡಿದರೆ ಇದ್ದ ವಾಷರನ್ನೇ ಉಜ್ಜಿ ತೆಳ್ಳಗೆ ಮಾಡಿ. ಆದರೆ ಪೂರ್ತಿ ತೆಗೆಯಬೇಡಿ, ಲೋಹದ ರಿಫ್ಲೆಕ್ಟರ್ ಎಲ್‌ಇಡಿಯ ಬೆಸುಗೆಗೆ ತಾಗಿದರೆ ಶಾರ್ಟ್ ಆಗುತ್ತದೆ. ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಇರುವ ರಿಫ್ಲೆಕ್ಟರ್ ಬೆಳಕನ್ನು ಹರಡುತ್ತದೆ, ದೂರಕ್ಕೆ ನುಣುಪಿನದೇ ಬೇಕು. ಅದರ ಒಳಮೈಯನ್ನು ಬಟ್ಟೆಯಿಂದ ಒರೆಸಲೇಬೇಡಿ, ಗಾಳಿ ಊದಿ ಸಾಕು. ಮುಂದಿನ ಗಾಜನ್ನು ಮಾತ್ರ ಒರೆಸಿ. ನಮ್ಮ ಎರೆ ಮಣ್ಣಿನ ಧೂಳು ಕೂತ ಗಾಜಿಗೆ ಯಾವ ಎಲ್‌ಇಡಿ ಹಾಕಿದರೂ ಅಷ್ಟೇ. ದುಬಾರಿ ಕೋಟಿಂಗ್ ಗಾಜಿನಿಂದ ಸಿಗುವುದು ಕಡಿಮೆ. ಸಾದಾ ಗಾಜು ಸುಮಾರು 8% ಬೆಳಕು ತಿನ್ನುತ್ತದೆ, ಅದು ಪೂರ್ತಿ ಉಳಿದರೂ ದೂರ ಹೆಚ್ಚುವುದು 4% ಅಷ್ಟೇ.

ನನಗೆ ಹೆಚ್ಚು ಖುಷಿ ಕೊಡುವುದು ಲೆನ್ಸಿನ ಕೆಲಸ. ಹೊಲದಲ್ಲಿ 63 ಎಂಎಂ ಪಿವಿಸಿ ಪೈಪಿನ ತುಂಡು ಬಿದ್ದಿರುತ್ತದೆ ಅಲ್ವಾ, ಎಲ್‌ಇಡಿಯ ಮುಂದೆ ಲೆನ್ಸ್ ಹಿಡಿದಿಡಲು ಅದೇ ಸಾಕು. ಅದರೊಳಗೆ ಬಿಗಿಯಾಗಿ ಕೂರುವ ದಪ್ಪ ಗಾಜಿನ ಲೆನ್ಸ್ ತನ್ನಿ. ಬಿಸಿಲಿಗೆ ಹಿಡಿದು ಸೂರ್ಯನ ಚುಕ್ಕೆ ಅತಿ ಸಣ್ಣಗಾಗುವ ದೂರ ಅಳೆಯಿರಿ. ಇದನ್ನು ಸಿಮೆಂಟ್ ನೆಲದ ಮೇಲೆ ಮಾಡಿ, ಕಬ್ಬಿನ ರವದಿಯ ಹತ್ತಿರ ಬೇಡ. ಎಲ್‌ಇಡಿಯಿಂದ ಲೆನ್ಸಿಗೆ ಅಷ್ಟೇ ದೂರ ಇರಬೇಕು. ಅದು 25 ಎಂಎಂ ಆಗಿ, ಎಲ್‌ಇಡಿ 1 ಎಂಎಂ ಅಗಲ ಇದ್ದರೆ 100 ಮೀಟರಿನಲ್ಲಿ ಚುಕ್ಕೆ 4 ಮೀಟರ್ ಅಗಲ. ಎಲ್‌ಇಡಿ 4 ಎಂಎಂ ಇದ್ದರೆ 16 ಮೀಟರ್. ಫೋಕಸ್ ದೂರ 50 ಎಂಎಂ ಇರುವ, ಅಷ್ಟೇ ಅಗಲದ ಲೆನ್ಸ್ ಹಾಕಿದರೆ ಚುಕ್ಕೆ ಅರ್ಧವಾಗುತ್ತದೆ, ಆದರೆ ಬೆಳಕು ಮೊದಲಿಗಿಂತ ಹೆಚ್ಚು ದೂರ ಹೋಗುವುದಿಲ್ಲ. ಇದನ್ನು ಎಷ್ಟು ಹೇಳಿದರೂ ಜನ ನಂಬುವುದಿಲ್ಲ. ಹೊಲದಲ್ಲಿ ಹುಡುಕಲು 4 ಮೀಟರ್ ಚುಕ್ಕೆಯೇ ವಾಸಿ, 2 ಮೀಟರಿನದರಲ್ಲಿ ವಾಲ್ವ್ ಎಲ್ಲಿದೆ ಎಂದು ಹುಡುಕುವುದರಲ್ಲೇ ರಾತ್ರಿ ಹೋಗುತ್ತದೆ.

ಪೈಪಿನ ಒಳಗೆ ಮ್ಯಾಟ್ ಕಪ್ಪು ಬಣ್ಣ ಬಳಿಯಿರಿ, ಸುತ್ತ ಚೆಲ್ಲುವ ಬೆಳಕು ನಿಲ್ಲುತ್ತದೆ. ಅಂತಿಮ ಫೋಕಸನ್ನು ಕೋಣೆಯ ಗೋಡೆಗೆ ಮಾಡಬೇಡಿ, ರಾತ್ರಿ ದೂರದ ಮರಕ್ಕೋ ನೀರಿನ ಟಾಕಿಗೋ ಮಾಡಿ. ಹಗಲಲ್ಲಿ ಲೆನ್ಸಿಗೆ ಮುಚ್ಚಳ ಇರಲಿ. ಸೂರ್ಯನ ಕಡೆ ಮುಖ ಮಾಡಿ ಇಟ್ಟರೆ ಅದೇ ಬಿಸಿಲು ಎಲ್‌ಇಡಿಯನ್ನು ಸುಡುತ್ತದೆ.

ಸೆಲ್ ಬಗ್ಗೆ ಒಂದೇ ಮಾತು: ಟಾರ್ಚಿಗೆ ಹಾಕುವ 18650 (ಚಾರ್ಜ್ ಮಾಡುವ ಲಿಥಿಯಂ) ಸೆಲ್ ಮೇಲೆ 9900 ಎಂಎಎಚ್ ಎಂದು ಬರೆದಿದ್ದರೆ ಅದು ಸುಳ್ಳು. ಒಳ್ಳೆಯದರಲ್ಲೂ ಸಾಮಾನ್ಯವಾಗಿ 3500ರ ಆಸುಪಾಸು.

ಕೆಲಸ ಆದಮೇಲೆ ಮೊಬೈಲಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿ, ಕತ್ತಲಲ್ಲಿ 10 ಮೀಟರ್ ದೂರದಿಂದ ಚುಕ್ಕೆಯ ನಡುವನ್ನು ಸೆನ್ಸರಿಗೆ ಬಿಡಿ. ಬಂದ ಅಂಕಿಯನ್ನು 100ರಿಂದ ಗುಣಿಸಿದರೆ ಕ್ಯಾಂಡೆಲಾ. ಮೊಬೈಲಿನಿಂದ ಮೊಬೈಲಿಗೆ ಅಂಕಿ ಬೇರೆ ಬರುತ್ತದೆ, ಹಾಗಾಗಿ ಮೊದಲು ಮತ್ತು ನಂತರ ಒಂದೇ ಮೊಬೈಲಿನಲ್ಲಿ ಅಳೆಯಿರಿ. ಚಳಿಗಾಲದಲ್ಲಿ ಘಟಪ್ರಭೆಯ ದಂಡೆಯ ಹೊಲಗಳಲ್ಲಿ ಮಂಜು ಇದ್ದಾಗ ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಎತ್ತಬೇಡಿ, ಸೊಂಟದ ಹತ್ತಿರ ಹಿಡಿಯಿರಿ. ಮಂಜಿನಿಂದ ತಿರುಗಿ ಬರುವ ಬೆಳಕು ಕಣ್ಣಿಗೆ ಕಡಿಮೆ ಹೊಡೆಯುತ್ತದೆ.