ಮೂರು ಡ್ರಾಗಳ ಲೆಕ್ಕ: ಆಕ್ರನ್ ಪ್ರೋಸ್ ತಂಡದ 1920ರ ಸೀಸನ್

ಗೆಲುವಿನ ಪ್ರಮಾಣ ಆಕ್ರನ್‌ಗೂ ಬಫಲೊಗೂ 0.864. ನನ್ನ ಎಕ್ಸೆಲ್ ಹಾಳೆಯಲ್ಲಿ ಎರಡು ತಂಡಗಳಿಗೂ ಒಂದೇ ಅಂಕಿ ಬಂದು ಕೂತಾಗ ಎಲ್ಲೋ ತಪ್ಪಿದ್ದೇನೆ ಅಂದುಕೊಂಡೆ. ಇಂದು ಎನ್‌ಎಫ್‌ಎಲ್ ಎಂದು ಕರೆಯುವ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಶುರುವಾದ ಮೊದಲ ವರ್ಷ 1920. ಆ ವರ್ಷದ ಚಾಂಪಿಯನ್ ಆಕ್ರನ್ ಪ್ರೋಸ್ ಎಂದು ದಾಖಲೆಗಳೆಲ್ಲ ಹೇಳುತ್ತವೆ. ಹಾಗಿರುವಾಗ ಬಫಲೊ ಸಮಕ್ಕೆ ಬರುವುದು ಹೇಗೆ? ಒಂದು ವಾರಾಂತ್ಯವಿಡೀ ಪ್ರತಿ ಸಾಲನ್ನೂ ಮತ್ತೆ ಪರಿಶೀಲಿಸಿದೆ. ತಪ್ಪು ಸಿಗಲಿಲ್ಲ.

ಟೈರ್ ಕೆಲಸಕ್ಕೆಂದು ಬೆಂಗಳೂರಿನಿಂದ ಓಹಾಯೊದ ಆಕ್ರನ್‌ಗೆ ಬಂದವನು ನಾನು. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಬೆಳೆದದ್ದು ಇಲ್ಲೇ. ಈ ಊರು ಒಮ್ಮೆ ದೇಶಕ್ಕೇ ಚಾಂಪಿಯನ್ ಆಗಿತ್ತು ಅನ್ನುವುದನ್ನು ಇಲ್ಲಿಯ ಎಷ್ಟೋ ಜನರೇ ಮರೆತಿದ್ದಾರೆ. ಅದಕ್ಕೇ ಆ ಸೀಸನ್ನಿನ ಹನ್ನೊಂದು ಪಂದ್ಯಗಳನ್ನೂ ಹಳೆಯ ಪತ್ರಿಕೆಗಳಿಂದ ನಾನೇ ಒಂದೊಂದಾಗಿ ಕಟ್ಟಬೇಕು ಅನಿಸಿತು.

ಪಂದ್ಯಕ್ಕೊಂದು ಹಾಳೆ ಇಟ್ಟುಕೊಂಡೆ. ದಿನಾಂಕ, ಊರು, ಅಂಕ, ಅಂಕ ಗಳಿಸಿದವರು, ಯಾವ ಪತ್ರಿಕೆ, ಯಾವ ಪುಟ. ಗ್ರಂಥಾಲಯದಲ್ಲಿ ಮೈಕ್ರೋಫಿಲ್ಮ್ ರೀಲು ತಿರುಗಿಸುತ್ತಾ ಕೂತರೆ ಕಣ್ಣು ಬೇಗ ಸೋಲುತ್ತದೆ; ಸಂಜೆಗೆ ಎರಡು ಪಂದ್ಯಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ. ಶುರುವಿನಲ್ಲೇ ಎಡವಿದೆ. ಶನಿವಾರ ಕಾಲೇಜು ಪಂದ್ಯಗಳ ದಿನ, ವೃತ್ತಿಪರರು ಆಡುತ್ತಿದ್ದುದು ಭಾನುವಾರ, ವರದಿ ಬರುತ್ತಿದ್ದುದು ಸೋಮವಾರ. ಮೊದಲ ನಾಲ್ಕು ಹಾಳೆಗಳಲ್ಲಿ ಪತ್ರಿಕೆಯ ತಾರೀಖನ್ನೇ ಪಂದ್ಯದ ತಾರೀಖು ಎಂದು ಬರೆದುಬಿಟ್ಟಿದ್ದೆ. ಅಲ್ಲಿಂದ ಪ್ರತಿ ತಾರೀಖಿನ ಪಕ್ಕ ವಾರವನ್ನೂ ಬರೆಯುವುದು ರೂಢಿಯಾಯಿತು. ಎದುರಾಳಿ ಊರಿನ ಪತ್ರಿಕೆಯನ್ನೂ ಓದದೆ ಯಾವ ಹಾಳೆಯನ್ನೂ ಮುಗಿಯಿತು ಎಂದು ಎತ್ತಿಡಲಿಲ್ಲ. ಗೆದ್ದವರ ಪತ್ರಿಕೆಯಲ್ಲಿ ಕಾಣದ ಎಷ್ಟೋ ಸಂಗತಿ ಸೋತವರ ಪತ್ರಿಕೆಯಲ್ಲಿ ಸಿಗುತ್ತದೆ.

ಅಕ್ಟೋಬರ್ 3ರಂದು ವೀಲಿಂಗ್ ಮೇಲೆ 43–0. ಮುಂದಿನ ಭಾನುವಾರ ಕೊಲಂಬಸ್ ಮೇಲೆ 37–0. ಆಮೇಲೆ ಸಿನ್ಸಿನಾಟಿ 13–0, ಕ್ಲೀವ್‌ಲ್ಯಾಂಡ್ 7–0. ಅಕ್ಟೋಬರ್ 31ರಂದು ಕ್ಯಾಂಟನ್ ಬುಲ್‌ಡಾಗ್ಸ್ ವಿರುದ್ಧ 10–0. ಕ್ಯಾಂಟನ್ ಅಂದರೆ ಜಿಮ್ ಥಾರ್ಪ್ ತಂಡ; 1912ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಥಾರ್ಪ್ ಹೊಸ ಲೀಗಿಗೆ ಅಧ್ಯಕ್ಷನೂ ಆಗಿದ್ದ. ಆ ವಾರದ ಪತ್ರಿಕೆಗಳನ್ನು ನೋಡಬೇಕು: ಎರಡೇ ದಿನಕ್ಕೆ ಅಧ್ಯಕ್ಷೀಯ ಚುನಾವಣೆ, ಹಾರ್ಡಿಂಗ್ ಮತ್ತು ಕಾಕ್ಸ್ ಇಬ್ಬರೂ ಓಹಾಯೊದವರೇ. ಆಟದ ಪುಟಕ್ಕೆ ಬರುವ ಮುನ್ನ ಎಷ್ಟೋ ಹೊತ್ತು ಅಲ್ಲೇ ನಿಂತುಬಿಡುತ್ತಿದ್ದೆ.

ನವೆಂಬರ್ 7ರಂದು ಕ್ಲೀವ್‌ಲ್ಯಾಂಡ್ ಜೊತೆ 7–7 ಡ್ರಾ. ಇಡೀ ಸೀಸನ್ನಿನಲ್ಲಿ ಆಕ್ರನ್ ಬಿಟ್ಟುಕೊಟ್ಟದ್ದು ಆ ಏಳು ಅಂಕ ಮಾತ್ರ: ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದಕ್ಕೆ ಆರು ಅಂಕ), ಮೇಲೊಂದು ಒದೆತದ ಅಂಕ. ನಂತರ ಡೇಟನ್ ಮೇಲೆ ಎರಡು ಗೆಲುವು, ನಡುವೆ ಥ್ಯಾಂಕ್ಸ್‌ಗಿವಿಂಗ್ ದಿನ ಕ್ಯಾಂಟನ್ ಮೇಲೆ 7–0. ಕೊನೆಗೆ ಡಿಸೆಂಬರ್ 5ರಂದು ಬಫಲೊದಲ್ಲಿ 0–0, 12ರಂದು ಷಿಕಾಗೊದಲ್ಲಿ ಡೆಕೇಟರ್ ಸ್ಟೇಲೀಸ್ ವಿರುದ್ಧ 0–0. ಕೂಡಿಸಿದರೆ ಎಂಟು ಗೆಲುವು, ಮೂರು ಡ್ರಾ, ಸೋಲಿಲ್ಲ. ಗಳಿಸಿದ್ದು 151, ಕೊಟ್ಟದ್ದು 7.

ಗೊಂದಲವಿದ್ದದ್ದು ಆ ಮೂರು ಡ್ರಾಗಳಲ್ಲಿ. ಡ್ರಾಗೆ ಅರ್ಧ ಗೆಲುವು ಎಂಬ ಇಂದಿನ ಸೂತ್ರವನ್ನೇ ಎಕ್ಸೆಲ್‌ಗೆ ಕೊಟ್ಟಿದ್ದೆ. ಆ ಲೆಕ್ಕದಲ್ಲಿ ಆಕ್ರನ್‌ಗೆ ಹನ್ನೊಂದರಲ್ಲಿ ಒಂಬತ್ತೂವರೆ. ಒಂಬತ್ತು ಗೆದ್ದು, ಒಂದು ಸೋತು, ಒಂದು ಡ್ರಾ ಮಾಡಿದ ಬಫಲೊಗೂ ಹನ್ನೊಂದರಲ್ಲಿ ಒಂಬತ್ತೂವರೆ. ಅವರಿಬ್ಬರ ನಡುವಿನ ಏಕೈಕ ಪಂದ್ಯವೂ 0–0. ನಮ್ಮ ರಣಜಿ ಟ್ರೋಫಿಯಲ್ಲಾದರೆ ಡ್ರಾ ಆದಾಗ ಮೊದಲ ಇನಿಂಗ್ಸ್ ಮುನ್ನಡೆ ಎಂಬುದೊಂದು ಇರುತ್ತದೆ. ಇಲ್ಲಿ ಹಾಗೆ ಬೇರ್ಪಡಿಸಲು ಏನೂ ಇಲ್ಲ.

ಆ ಅರ್ಧದ ಸೂತ್ರ ಎನ್‌ಎಫ್‌ಎಲ್‌ಗೆ ಬಂದದ್ದೇ 1972ರಲ್ಲಿ. ಅದಕ್ಕೆ ಮೊದಲು ಡ್ರಾ ಆದ ಪಂದ್ಯವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಾಗೆ ಎಣಿಸಿದರೆ ಆಕ್ರನ್ ಎಂಟಕ್ಕೆ ಎಂಟು, ಅಂದರೆ 1.000. ಸ್ಟೇಲೀಸ್ ಹನ್ನೊಂದರಲ್ಲಿ ಹತ್ತು, ಬಫಲೊ ಹತ್ತರಲ್ಲಿ ಒಂಬತ್ತು. ವೀಲಿಂಗ್ ಮತ್ತು ಸಿನ್ಸಿನಾಟಿ ಲೀಗಿನ ಸದಸ್ಯರಾಗಿರಲಿಲ್ಲ. ಆ ಎರಡು ಗೆಲುವು ತೆಗೆದು ನೋಡಿದರೂ ಆಕ್ರನ್‌ಗೆ ಆರು ಗೆಲುವು ಉಳಿಯುತ್ತದೆ, ಸೋಲು ಇಲ್ಲವೇ ಇಲ್ಲ.

ಇದು ತಿಳಿದ ಮೇಲೆ ಕೊನೆಯ ಎರಡು ಹಾಳೆಗಳನ್ನು ಮತ್ತೆ ಓದಿದೆ. ಬಫಲೊ ತಂಡ ಡಿಸೆಂಬರ್ 4ರಂದು ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ಕ್ಯಾಂಟನ್ ತಂಡವನ್ನು 7–3ರಿಂದ ಸೋಲಿಸಿ, ಮರುದಿನವೇ ತನ್ನ ಊರಿನಲ್ಲಿ ಆಕ್ರನ್ ಎದುರು ನಿಂತಿತ್ತು. ಅಷ್ಟು ದಣಿದ ತಂಡದ ಎದುರು ಆಕ್ರನ್‌ಗೆ ಒಂದು ಅಂಕವೂ ದಕ್ಕಲಿಲ್ಲ ಅನ್ನುವುದು ಬಫಲೊಗೆ ಸಲ್ಲಬೇಕಾದ ಗೌರವ. ಷಿಕಾಗೊದಲ್ಲಿ ಸ್ಟೇಲೀಸ್‌ಗೆ ಗೆಲುವೇ ಬೇಕಿತ್ತು. ಅದಕ್ಕಾಗಿ ಅವರು ಕಾರ್ಡಿನಲ್ಸ್ ತಂಡದ ಪ್ಯಾಡಿ ಡ್ರಿಸ್ಕಾಲ್‌ನನ್ನು ಆ ಒಂದು ಪಂದ್ಯಕ್ಕೆ ಕರೆಸಿಕೊಂಡಿದ್ದರು. ಆಕ್ರನ್‌ಗೆ ಸೋಲದಿದ್ದರೆ ಸಾಕಿತ್ತು. ಸಪ್ಪೆ ಪಂದ್ಯ ಎಂದು ಬದಿಗಿಟ್ಟಿದ್ದ ಆ 0–0 ಈಗ ನನಗೆ ಇಡೀ ಸೀಸನ್ನಿನ ಅತಿ ಮುಖ್ಯ ಪಂದ್ಯ.

ಲೀಗಿನ ಸಭೆ ಟ್ರೋಫಿಯನ್ನು ಆಕ್ರನ್‌ಗೆ ಕೊಟ್ಟದ್ದು 1921ರ ಏಪ್ರಿಲ್ 30ರಂದು, ಇದೇ ಊರಿನಲ್ಲಿ. ಆ ಟ್ರೋಫಿ ಆಮೇಲೆ ಎಲ್ಲೋ ಕಳೆದುಹೋಯಿತು. ಎಷ್ಟೋ ವರ್ಷ ಲೀಗಿನ ಪುಸ್ತಕಗಳಲ್ಲೇ 1920ರ ಚಾಂಪಿಯನ್ ಯಾರೆಂದು ತೀರ್ಮಾನವಾಗಿಲ್ಲ ಎಂದು ಅಚ್ಚಾಗುತ್ತಿತ್ತು.

ಹಾಳೆಗಳಲ್ಲಿ ಒಂದು ಹೆಸರಿನ ಬಳಿ ಪ್ರತಿ ಸಲವೂ ನಿಧಾನಿಸುತ್ತಿದ್ದೆ: ಫ್ರಿಟ್ಜ್ ಪೊಲಾರ್ಡ್. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಆಡಿ ಬಂದ ಕಪ್ಪು ಆಟಗಾರ, ಆಕ್ರನ್ ದಾಳಿಯ ಜೀವಾಳ. ಬಿಳಿಯ ಆಟಗಾರರ ಜೊತೆ ಉಡುಪು ಬದಲಿಸುವಂತಿರಲಿಲ್ಲ. ತಂಡದ ಮಾಲೀಕ ಫ್ರ್ಯಾಂಕ್ ನೀಡ್‌ನ ಸಿಗಾರ್ ಕಾರ್ಖಾನೆಯಲ್ಲಿ ತಯಾರಾಗಿ ಮೈದಾನಕ್ಕೆ ಬರಬೇಕಿತ್ತು ಎಂದು ಪೊಲಾರ್ಡ್ ಅವರೇ ಮುಂದೆ ಹೇಳಿದ್ದಾರೆ. ನೆಲಕ್ಕೆ ಬಿದ್ದಾಗ ಬೇಕೆಂದೇ ಮೈಮೇಲೆ ಎರಗುವವರನ್ನು ತಡೆಯಲು ಅಂಗಾತ ಹೊರಳಿ ಬೂಟಿನ ಮೊಳೆಗಳನ್ನು ಮೇಲಕ್ಕೆ ಹಿಡಿಯುವುದನ್ನು ರೂಢಿಸಿಕೊಂಡಿದ್ದರು. ಪಂದ್ಯದ ವರದಿಗಳಲ್ಲಿ ಇದು ಯಾವುದೂ ಇಲ್ಲ. ಗಜ ಎಷ್ಟು, ಅಂಕ ಎಷ್ಟು, ಅಷ್ಟೇ. 1921ರಲ್ಲಿ ಅವರು ಇದೇ ತಂಡದ ಕೋಚ್ ಕೂಡ ಆದರು. ಕ್ಯಾಂಟನ್‌ನಲ್ಲಿರುವ ವೃತ್ತಿಪರ ಫುಟ್‌ಬಾಲ್‌ನ ಗೌರವ ಮಂದಿರ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2005ರಲ್ಲಿ, ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ.

ಈಗ ನನ್ನ ಎಕ್ಸೆಲ್‌ನಲ್ಲಿ ಶೇಕಡಾವಾರಿಗೆ ಎರಡು ಕಾಲಂ ಇವೆ, 1972ರ ಮೊದಲಿನದು ಮತ್ತು ನಂತರದ್ದು. ಪೊಲಾರ್ಡ್ ಹೆಸರಿನ ಮುಂದೆ ಹೊಸದಾಗಿ ಒಂದು ಟಿಪ್ಪಣಿಯ ಕಾಲಂ ಸೇರಿಸಿ, ಆ ಸಿಗಾರ್ ಕಾರ್ಖಾನೆಯ ವಿಷಯ ಬರೆದಿಟ್ಟಿದ್ದೇನೆ.